ಅಮೇರಾತಿನ ಇಂಗ್ಲಿಷ್ ಬಂಗಲೆ

ಬಿಸಿಲ ನಾಡಿನಲ್ಲಿ ಚಳಿ ದೇಶದ ಮನೆ ಕಟ್ಟಲು ಹೊರಟರೆ ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಬಾಗಿಲು ತಟ್ಟುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನಲ್ಲಿ ಮನೆಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಆಗಿದ್ದ ಅರ್ಬಾಬ್‌ಗೆ, ಅಂದರೆ ಧಣಿಗೆ, ಅಂಥದ್ದೊಂದು ಮನೆ ಬೇಕಾಗಿತ್ತು. ಅವರ ತಾಯಿ ಅಲ್ಲಿ ಬಂದಿರಲು ಒಪ್ಪಿದರೆ ಸರಿ, ಇಲ್ಲವಾದರೆ ಮನೆ ಮಾರಾಟಕ್ಕೆ, ನಾನು ಊರಿಗೆ ಎಂದು ಮೊದಲೇ ಮಾತಾಗಿತ್ತು.

೧. ಮಾಡು

ಅರ್ಬಾಬ್ ಇಂಗ್ಲೆಂಡಿನಲ್ಲಿ ಓದುವಾಗ ಹಳ್ಳಿಯೊಂದರ ಹಳೇ ಕಲ್ಲಿನ ಬಂಗಲೆಗೆ ಮನಸೋತಿದ್ದರು. ಕಡಿದಾದ ಮಾಡು, ಉದ್ದ ಚಿಮಣಿ, ಚಳಿ ಕಾಯಿಸಲು ಗೋಡೆಯೊಳಗೆ ಆಳೆತ್ತರದ ಬೆಂಕಿಗೂಡು. ಮಸ್ಕತ್ತಿನ ಹೊರವಲಯದ ಅಲ್ ಅಮೇರಾತಿನ ಬೋಳುಗುಡ್ಡದ ಬುಡದಲ್ಲಿ ಅದೇ ಬೇಕೆಂದರು. ಅದನ್ನು ವರ್ಣಿಸುವಾಗ ಅವರ ಕಣ್ಣು ಅರೆಮುಚ್ಚುತ್ತಿತ್ತು. ಕೇಳುತ್ತ ಕೇಳುತ್ತ ನಾನೂ ಉಡುಪಿಯ ಜುಲೈ ತಿಂಗಳಿಗೆ ಜಾರಿಬಿಡುತ್ತಿದ್ದೆ.

"ಮಾಡು ಇಷ್ಟು ಇಳಿಜಾರು ಯಾಕೆ ಸಾರ್?" ಎಂದೆ.

"ಹಿಮ ಬಿದ್ದರೆ ಜಾರಿಹೋಗಬೇಕಲ್ಲ" ಎಂದರು.

ಹಿಮ ಬೀಳಲಿಲ್ಲ. ಮೇಲಿಟ್ಟ ನೀರಿನ ಟ್ಯಾಂಕು ಮಾತ್ರ ಸೊಗಸಾಗಿ ಜಾರಿ ಅಂಗಳಕ್ಕೆ ಬಂತು.

೨. ಪಾಚಿ

ಕಲ್ಲು ಹೊಸದಾಗಿ ಕಾಣಬಾರದು, ಅಜ್ಜನ ಕಾಲದ ಪಾಚಿ ಇರಬೇಕು ಎಂಬುದು ಅರ್ಬಾಬರ ಇನ್ನೊಂದು ಆಸೆ.

"ನಮ್ಮೂರಲ್ಲಾದರೆ ಒಂದು ಮಳೆಗಾಲ ಸಾಕಿತ್ತು ಪೊರ್ಬುಗಳೇ. ಇಲ್ಲಿಗೆ ಪಾಚಿಯನ್ನು ವೀಸಾ ಮಾಡಿಸಿ ಕರಕೊಂಡು ಬರಬೇಕಷ್ಟೆ" ಎಂದರು ಕಲ್ಲು ಕಟ್ಟುವ ಮೇಸ್ತ್ರಿ, ಉಳ್ಳಾಲದ ಬ್ಯಾರಿಗಳು. ಕ್ರಿಶ್ಚಿಯನ್ನನಾದ ನನ್ನನ್ನು ಅವರು ನಮ್ಮ ಕಡೆಯ ರೂಢಿಯಂತೆ ಪೊರ್ಬುಗಳೆಂದೇ ಕರೆಯುತ್ತಿದ್ದರು.

ಹುಳಿಮಜ್ಜಿಗೆ ಬಳಿದರೆ ಪಾಚಿ ಹಿಡಿಯುತ್ತದೆಂದು ಅರ್ಬಾಬರಿಗೆ ಇಂಗ್ಲೆಂಡಿನಲ್ಲಿ ಯಾರೋ ಹೇಳಿದ್ದರಂತೆ. ಸಂಜೆಯಿಡೀ ಬಳಿದೆವು. ಬೆಳಿಗ್ಗೆ ನೋಡಿದರೆ ಊರಿನ ಆಡುಗಳೆಲ್ಲ ಸಾಲಾಗಿ ನಿಂತು, ಕಣ್ಣುಮುಚ್ಚಿಕೊಂಡು ಗೋಡೆ ನೆಕ್ಕುತ್ತಿದ್ದವು.

"ಅಜ್ಜನ ಕಾಲ ಖಲಾಸ್" ಎಂದರು ಬ್ಯಾರಿಗಳು.

೩. ಬೆಂಕಿಗೂಡು

ಕೊನೆಗೆ ಅರ್ಬಾಬರ ವಯಸ್ಸಾದ ತಾಯಿ ಒಳನಾಡಿನ ನಿಜ್ವಾದಿಂದ ಬಂದರು. ಹುಟ್ಟಿದಾಗಿನಿಂದ ಮಣ್ಣಿನ ಮನೆಯಲ್ಲೇ ಬಾಳಿದವರು. ಬಂಗಲೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ, ಕೋಣೆಗಳೆಲ್ಲ ಕುದಿಯುತ್ತಿದ್ದವು. ಅವರು ಒಂದೊಂದೇ ಕೋಣೆಗೆ ಇಣುಕಿ, ಮುಸುಕಿನ ಅಂಚಿನಿಂದ ಗಾಳಿ ಬೀಸಿಕೊಂಡು ಮುಂದೆ ಹೋದರು. ಅರ್ಬಾಬರ ಮುಖ ಬಾಡಿತು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅಜ್ಜಿ ಕಾಣಿಸಲಿಲ್ಲ. ಮನೆಯೆಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಬೆಂಕಿಗೂಡಿನೊಳಗೆ. ಚಾಪೆ ಹಾಸಿಕೊಂಡು ಸುಖವಾಗಿ ಮಲಗಿದ್ದರು. ಕಾದ ಚಿಮಣಿ ಕಿಟಕಿಗಳ ಗಾಳಿಯನ್ನೆಲ್ಲ ಆ ಗೂಡಿಗೇ ಎಳೆಯುತ್ತಿತ್ತು. ಮುಸುಕಿನ ಅಂಚು ಮೆಲ್ಲಗೆ ಹಾರಾಡುತ್ತಿತ್ತು. ನನಗೂ ಪಕ್ಕದಲ್ಲಿ ಒರಗಿಕೊಳ್ಳೋಣ ಅನಿಸಿತು.

ಮಗ ಹೆದರುತ್ತಲೇ ಎಬ್ಬಿಸಿದರು. ಅಜ್ಜಿ ಕಣ್ಣು ಬಿಟ್ಟು ಅರಬಿಯಲ್ಲಿ ಹೇಳಿದರು:

"ಕೋಣೆ ಚೆನ್ನಾಗಿದೆ ಮಗನೇ, ನಾನು ಬಂದು ಇರುತ್ತೇನೆ. ಆದರೆ ಇದೊಂದಕ್ಕೆ ಸುತ್ತಲೂ ಇಷ್ಟು ದೊಡ್ಡ ಮನೆ ಯಾಕೆ ಕಟ್ಟಿಸಿದೆ?"