ಗುಂಯ್ ಎನ್ನದ ಗಿಟಾರು

ಗಿಟಾರಿಗೆ ವೈರು ಚುಚ್ಚುವ ತೂತಿನ ಅಗಲ ಸರಿಯಾಗಿ ಕಾಲು ಅಂಗುಲ. ಅಳೆದವಳು ನಾನೇ. ಎಂಬತ್ತರ ದಶಕದ ಶುರುವಿನಲ್ಲಿ, ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಸಾಗರಕ್ಕೆ ಮರಳಿದ್ದೆ. ಮನೆಯಲ್ಲಿ ಅಳೆಯಲು ಬೇರೇನೂ ಉಳಿದಿರಲಿಲ್ಲ.

ಗಿಟಾರು ತಮ್ಮ ಸುರೇಶನದು. ಮದುವೆಯ ರಿಸೆಪ್ಶನ್‌ಗಳಿಗೆ ಹೋಗುವ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಟ್ಯೂಬ್‌ಲೈಟಿನ ಹತ್ತಿರ ನಿಂತರೆ ಸಾಕು, ಗಿಟಾರು ಗುಂಯ್ ಎನ್ನುತ್ತಿತ್ತು. ಭಾನುವಾರ ತೀರ್ಥಹಳ್ಳಿಯಲ್ಲೂ ಗುಂಯ್ ಎಂದರೆ ಸುರೇಶ ಆರ್ಕೆಸ್ಟ್ರಾದಿಂದ ಹೊರಗೆ ಎಂದು ಅದರ ಯಜಮಾನರಾದ ಮ್ಯಾಂಡೊಲಿನ್ ಮೇಷ್ಟ್ರು ಹೇಳಿಬಿಟ್ಟಿದ್ದರು.

ರೇಡಿಯೊ ರಿಪೇರಿಯ ಶೀನಣ್ಣ ಎರಡು ಬಗೆಯ ಪಿಕಪ್ ತಂದು ಮೇಜಿನ ಮೇಲಿಟ್ಟ. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಆಂಪ್ಲಿಫೈಯರಿಗೆ ತಲುಪಿಸುವ ಸಾಧನ.

“ಇದು ಪ್ಯಾಸಿವ್, ತನ್ನ ಪಾಡಿಗೆ ಇರ್ತದೆ. ಇದು ಆಕ್ಟಿವ್, ಇದಕ್ಕೊಂದು ಬ್ಯಾಟ್ರಿ ಬೇಕು. ಯಾವ್ದು ಹಾಕ್ಲಿ ಮಾರಾಯ?”

“ಅಕ್ಕನ್ನ ಕೇಳು. ಓದಿರೋದು ಅವ್ಳು” ಎಂದ ಸುರೇಶ.

ಅಷ್ಟು ಸಾಕಾಯಿತು. ಎರಡನ್ನೂ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿದೆ. ಶೀನಣ್ಣ ನಾಲ್ಕು ಸಲ ಬೆಸುಗೆ ಬಿಚ್ಚಿದ. ಪ್ಯಾಸಿವ್ ಗುಂಯ್ ಎಂದಿತು. ವಿಚಿತ್ರವೆಂದರೆ ಗಿಟಾರನ್ನು ಗೋಡೆಯ ಕಡೆ ತಿರುಗಿಸಿದರೆ ಸುಮ್ಮನಾಗುತ್ತಿತ್ತು. ಯಾಕೆ? ಆ ಕುತೂಹಲಕ್ಕೆ ಇಡೀ ಮಧ್ಯಾಹ್ನ ಹೋಯಿತು.

“ಹಂಗಾರೆ ನಾನು ಮದುಮಕ್ಳಿಗೆ ಬೆನ್ನು ಹಾಕಿ ನುಡಿಸ್ಲಾ?” ಎಂದ ಸುರೇಶ.

ಆಕ್ಟಿವ್ ಎಲ್ಲಿ ನಿಂತರೂ ಶುದ್ಧವಾಗಿ ನುಡಿಯಿತು. ಬುಧವಾರ ಅದರ ಪರವಾಗಿ ತೀರ್ಪು ಕೊಟ್ಟೆ. ಎರಡು ಪುಟದ ತೀರ್ಪು, ಕೆಳಗೆ ಸಹಿ ಸಮೇತ.

ಗುರುವಾರ ಬೆಳಿಗ್ಗೆ ಒಂದು ಕುಂಬಾರ ಹುಳ ಬಾಯಲ್ಲಿ ಮಣ್ಣಿನ ಉಂಡೆ ಹಿಡಿದು ಗಿಟಾರನ್ನು ಸುತ್ತುತ್ತಿತ್ತು. ತೂತು ಕಂಡಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುವ ಹುಳ ಅದು. ನಮ್ಮ ಕಡೆ ಬೀಗದ ಕಿಂಡಿಯನ್ನೂ ಬಿಡುವುದಿಲ್ಲ. ಕಾಲು ಅಂಗುಲದ ತೂತು ಅದಕ್ಕೆಂದೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ವೈರಿನ ಪಿನ್ನನ್ನು ಚುಚ್ಚಿ ತೂತು ಮುಚ್ಚಿದೆ. ವೈರಿನ ಇನ್ನೊಂದು ತುದಿ ಎಲ್ಲಿಗೂ ಸೇರಿರಲಿಲ್ಲ. ಆದ್ದರಿಂದ ಏನೂ ಆಗದು ಎಂಬುದು ನನ್ನ ವಿಜ್ಞಾನ. ಪಿನ್ನು ಭಾನುವಾರದವರೆಗೂ ಹಾಗೇ ಇತ್ತು.

ತೀರ್ಥಹಳ್ಳಿಯ ಛತ್ರದಲ್ಲಿ ಎರಡನೇ ಹಾಡಿಗೆ ಗಿಟಾರು ಕ್ಷೀಣಿಸಿತು. ಮೂರನೆಯದಕ್ಕೆ ಸತ್ತೇ ಹೋಯಿತು. ಸುರೇಶ ಬೆರಳಾಡಿಸುತ್ತಲೇ, ಮೂರನೇ ಸಾಲಿನಲ್ಲಿದ್ದ ನನ್ನನ್ನು ದುರುಗುಟ್ಟಿ ನೋಡಿದ. ಪಿಕಪ್ಪಿನ ಸೂಚನೆಯ ಹಾಳೆಯನ್ನು ಚೀಲದಿಂದ ತೆಗೆದೆ. ಎರಡು ಸಲ ಓದಿದ್ದ ಹಾಳೆ. ತಿರುಗಿಸಿದೆ. ಹಿಂಬದಿಯಲ್ಲೂ ಅಕ್ಷರಗಳಿದ್ದವು. ವೈರಿನ ಇನ್ನೊಂದು ತುದಿ ಎಲ್ಲಿಗೂ ಸೇರದಿದ್ದರೂ, ಪಿನ್ ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆಯಂತೆ.

ಬೇರೆ ಬ್ಯಾಟರಿ ತಂದಿರಲಿಲ್ಲ. ಉಳಿದ ಹನ್ನೊಂದು ಹಾಡುಗಳಿಗೂ ಸುರೇಶ ನುಡಿಸಿದಂತೆ ನಟಿಸಿದ.

ಕೊನೆಗೆ ಮೇಷ್ಟ್ರು ಬಂದು ಅವನ ಬೆನ್ನು ತಟ್ಟಿದರು. “ಎಂತ ಮಾರಾಯ, ಇವತ್ತು ಒಂದೇ ಒಂದು ಗುಂಯ್ ಇಲ್ಲ! ಯಾವಾಗ್ಲೂ ಹಿಂಗೇ ನುಡಿಸು. ಬರೋ ವಾರ ಹೊಸನಗರ, ಬಂದ್ಬಿಡು.”

ವಾಪಸು ಬರುವ ಬಸ್ಸಿನಲ್ಲಿ ಸುರೇಶ ಗಿಟಾರನ್ನು ಸೀಟಿನಡಿಗೆ ತಳ್ಳಿದ. ಆಮೇಲೆ, “ನಾನು ಇಲ್ದಿದ್ರೇ ಚೆನ್ನಾಗಿರ್ತದೆ ಅಂತಾಯ್ತಲ್ಲೇ ಅಕ್ಕ” ಎಂದ. ನನ್ನ ಎರಡು ಪುಟದ ತೀರ್ಪನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಮ್ಯಾಂಡೊಲಿನ್ ಹಿಡಿದು ನಮ್ಮ ಜಗಲಿಯಲ್ಲಿ ನಿಂತಿದ್ದರು. “ಸುರೇಶನ ಅಕ್ಕ ಇದ್ದಾರಾ? ಗಿಟಾರಿನ ಪಿಕಪ್ ಆರಿಸಿದ್ದು ಅವ್ರೇ ಅಂತೆ. ಇದಕ್ಕೂ ಅಂಥದ್ದೇ ಒಂದು ಆರಿಸಿಕೊಡ್ಬೇಕಿತ್ತು.”

ನಾನು ಬಾಗಿಲ ಹಿಂದೆ ನಿಂತು, ಅತ್ಯಂತ ಸ್ಪಷ್ಟವಾದ ಉಚ್ಚಾರಣೆಯಲ್ಲಿ, ಅಕ್ಕ ಮನೆಯಲ್ಲಿಲ್ಲ ಎಂದೆ.