ಬಾಯಿ ಮುಚ್ಚಿದ್ದ ಏಳು ಮಕ್ಕಳ ವಿಚಾರ

ಶಾಲಾ ಸಂಗೀತ ಚಟುವಟಿಕೆಗಳ ಕೈಪಿಡಿಯನ್ನು ಹೊರತಂದು, ಅದರ ಪಾಲನೆಯ ಭಾರವನ್ನೂ ತಾವೇ ಹೊತ್ತಿರುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ನೂರ ಹನ್ನೆರಡು ಪುಟಗಳ ಕೈಪಿಡಿಯನ್ನು ಮುನ್ನುಡಿಯಿಂದ ತಪ್ಪು-ಒಪ್ಪುಗಳ ಪಟ್ಟಿಯವರೆಗೆ ಓದಿ ಮುಗಿಸಿದ ಏಕೈಕ ನಾಗರಿಕ ನಾನೇ ಇರಬೇಕೆಂಬ ಹೆಮ್ಮೆಯಿಂದ ಇದನ್ನು ಬರೆಯುತ್ತಿದ್ದೇನೆ. ಡಬ್ಬಿಯಲ್ಲಿ ಕಾಳು ಹಾಕಿ ಗಿಲಕಿ ಮಾಡುವುದು, ಒಂದು ಗುಂಪು ಶುರುಮಾಡಿದ ಹಾಡನ್ನು ಇನ್ನೊಂದು ಗುಂಪು ಎಂಟು ಎಣಿಕೆ ಬಿಟ್ಟು ಹಿಂಬಾಲಿಸುವುದು, ಎಲ್ಲವೂ ಸೊಗಸಾಗಿವೆ. ಇದರಲ್ಲಿ ವ್ಯಂಗ್ಯವಿಲ್ಲ, ಅದು ಮುಂದಿನ ಪ್ಯಾರಾದಿಂದ.

ಪ್ರತಿ ಚಟುವಟಿಕೆಗೂ ಸಾಕ್ಷಿಯಾಗಿ ಫೋಟೋ ಕಳಿಸಬೇಕೆಂದು ತಾವು ಆಜ್ಞಾಪಿಸಿದಿರಿ. ಹಾಡನ್ನು ಕಣ್ಣಿನಿಂದ ಅಳೆಯುವ ಈ ವಿದ್ಯೆ ತಮಗೊಬ್ಬರಿಗೇ ಒಲಿದದ್ದು. ನಮ್ಮ ಬಡಾವಣೆಯ ಶಾಲೆಯ ಸಂಗೀತದ ಟೀಚರು ಆ ಹಿಂಬಾಲಿಸುವ ಹಾಡಿನ ಫೋಟೋ ಕಳಿಸಿದರು. ಮೊದಲ ಗುಂಪು ಹಾಡುತ್ತಿತ್ತು; ಎರಡನೆಯದು ತನ್ನ ಸರದಿಗಾಗಿ ಮನಸ್ಸಿನಲ್ಲೇ ಎಣಿಸುತ್ತಿತ್ತು. ವಾರದೊಳಗೆ ತಮ್ಮ ಉತ್ತರ ಬಂತು: ಏಳು ಮಕ್ಕಳ ಬಾಯಿ ಮುಚ್ಚಿದೆ, ಭಾಗವಹಿಸದ ಇವರನ್ನು ಗಾಯನ ವೃಂದದಿಂದ ಕೈಬಿಟ್ಟು ವರದಿ ಮಾಡುವುದು. ಟೀಚರು ವಿವರಣೆ ಬರೆದರು. ಫೋಟೋ ಲಗತ್ತಿಸಿಲ್ಲವೆಂದು ಅದೂ ವಾಪಸಾಯಿತು; ವೃಂದದ ಪಟ್ಟಿಯಿಂದ ಏಳು ಹೆಸರುಗಳು ಹೋದವು.

ನನ್ನ ನೆನಪು ಸ್ವಲ್ಪ ಉದ್ದ. ಮೂವತ್ತು ವರ್ಷಗಳ ಹಿಂದೆ ತಮ್ಮ ಕುರ್ಚಿಯಲ್ಲಿದ್ದವರು, ಶಾಲೆಯ ಪಟ್ಟಿಯಲ್ಲಿ ಹಿಂದಿನ ವರ್ಷ ನಲವತ್ತಿದ್ದ ಹಾಡುಗಳು ಆ ವರ್ಷ ಮೂವತ್ತೆಂಟಾದದ್ದು ಹೇಗೆ, ಎರಡನ್ನು ಕಳೆದವರು ಯಾರು ಎಂದು ಇದೇ ಶಾಲೆಗೆ ನೋಟಿಸು ಕೊಟ್ಟಿದ್ದರು. ಅವರ ಮುಂದೆ ಇನ್ನು ಯಾರೂ ನಿಲ್ಲಲಾರರೆಂದು ನಂಬಿದ್ದೆ. ಕ್ಷಮಿಸಬೇಕು, ತಮ್ಮನ್ನು ಕಡಿಮೆ ಅಂದಾಜು ಮಾಡಿದೆ.

ಆ ಏಳರಲ್ಲಿ ಒಬ್ಬಳು ನನ್ನ ಮೊಮ್ಮಗಳು. ಮಾತಾಡುವಾಗ ತೊದಲುತ್ತಾಳೆ, ಅಂಗಡಿಯಲ್ಲಿ ಪೆನ್ಸಿಲ್ ಕೇಳಬೇಕಾದರೂ ನನ್ನ ತೋಳು ಜಗ್ಗುತ್ತಾಳೆ. ಹಾಡುವಾಗ ಮಾತ್ರ ಒಂದಕ್ಷರವೂ ಅಂಟುವುದಿಲ್ಲ. ಆ ಎಂಟು ಎಣಿಕೆಯನ್ನು ಹಲ್ಲುಜ್ಜುವಾಗಲೂ ಬೆರಳು ಮಡಿಸಿ ಅಭ್ಯಾಸ ಮಾಡಿದವಳು. ಮೊನ್ನೆ ಶಾಲೆಯಿಂದ ಬಂದು ಚೀಲ ಇಳಿಸಿ, "ತಾ... ತಾತ, ನಾನು ಸರಿಯಾಗೇ ಸು... ಸುಮ್ನಿದ್ದೆ" ಎಂದಳು. ಇದಕ್ಕೆ ಏನು ಹೇಳಬೇಕೆಂದು ತಮ್ಮ ಕೈಪಿಡಿಯಲ್ಲಿ ಹುಡುಕಿದೆ.

ವೃಂದದಲ್ಲಿ ಉಳಿದ ಮಕ್ಕಳು ಈಗ ಕ್ಯಾಮೆರಾ ಕಂಡೊಡನೆ ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ ಬಾಯಿ ಅಗಲಿಸುತ್ತಾರೆ. ಹಾಡು ಹೊರಡುವುದಿಲ್ಲ, ಫೋಟೋ ಚೆನ್ನಾಗಿ ಬರುತ್ತದೆ. ಅದಕ್ಕೆ ತಾವು 'ಅತ್ಯುತ್ತಮ' ಎಂದು ಷರಾ ಬರೆದದ್ದನ್ನೂ ನೋಡಿದೆ. ಆದ್ದರಿಂದ ನನ್ನ ವಿನಂತಿ ಇಷ್ಟೇ: ಮುಚ್ಚಿದ ಬಾಯಿಯೊಳಗೆ ಎಣಿಕೆ ಎಷ್ಟಕ್ಕೆ ಬಂದಿದೆಯೆಂದು ತೋರಿಸುವ ಕ್ಯಾಮೆರಾವೊಂದನ್ನು ಪ್ರತಿ ಶಾಲೆಗೂ ಮಂಜೂರು ಮಾಡಿ. ಅದು ಕಷ್ಟವಾದರೆ, ಒಂದು ಮಧ್ಯಾಹ್ನ ತಮ್ಮ ಕಿವಿಗಳನ್ನು ಕರೆದುಕೊಂಡು ಬಂದು, ಕೇಳಿ, ಏಳು ಹೆಸರುಗಳನ್ನು ಮತ್ತೆ ಬರೆದು ಹೋಗಿ.

ಹೇಗಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ಎರಡನೆಯ ಗುಂಪಿನವಳ ತಾತ

ವಿ.ಸೂ.: ಕೈಬಿಟ್ಟ ಏಳು ಮಂದಿಗೆ ಟೀಚರು ಈಗ ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಕೆಳಗೆ ಹಾಡು ಹೇಳಿಕೊಡುತ್ತಾರೆ; ಅಲ್ಲಿ ಫೋಟೋ ತೆಗೆಯುವವರಿಲ್ಲ. ನಿನ್ನೆ ನಿಂತು ಕೇಳಿದೆ, ಚೆನ್ನಾಗಿತ್ತು. ವೃಂದದ ಮಕ್ಕಳೆಲ್ಲ 'ನಮ್ಮನ್ನೂ ಕೈಬಿಡಿಸಿ' ಎಂದು ಟೀಚರಿಗೆ ದುಂಬಾಲು ಬಿದ್ದಿದ್ದಾರೆ. ಮುಂದಿನ ಫೋಟೋದಲ್ಲಿ ತಮಗೆ ಒಂದೂ ತೆರೆದ ಬಾಯಿ ಕಾಣದಿದ್ದರೆ ಗಾಬರಿಯಾಗಬೇಡಿ, ಆ ಮುಚ್ಚಿದ ಬಾಯಿಗಳೆಲ್ಲ ಅರ್ಜಿಗಳು.