ಸಡಿಲಾದ ಬೋಲ್ಟು ಮತ್ತು ಸಾಕ್ಷ್ಯದ ಡಬ್ಬಿ

ಅದು ಎರಡು ಸಾವಿರದ ಇಪ್ಪತ್ಮೂರನೆಯ ಇಸವಿ. ನನಗೆ ಆಗ ಐವತ್ತನಾಲ್ಕು ವರ್ಷ, ನಾಲ್ಕು ತಿಂಗಳು. ಹೂವಿನಹಡಗಲಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಬೋಧಿಸಿ, ಸ್ವಯಂನಿವೃತ್ತಿ ಪಡೆದು, ತಿದ್ದುವುದಕ್ಕೆ ಉತ್ತರಪತ್ರಿಕೆಗಳಿಲ್ಲದೆ ಕೈ ತುರಿಸುತ್ತಿದ್ದ ಕಾಲ. ಇಂಥ ಸ್ಥಿತಿಯಲ್ಲಿರುವ ಮನುಷ್ಯನಿಗೆ ಸಿಟ್ಟು ಬೇಗ ಬರುತ್ತದೆ. ನನಗೆ ಅದಕ್ಕಿಂತ ಬೇಗ ಬರುತ್ತದೆ.

ಸಿಟ್ಟಿನ ಮೂಲ ಮಾಬುಸಾಬ. ಎರಡು ಓಣಿ ಆಚೆ ಗ್ಯಾರೇಜು ಇಟ್ಟುಕೊಂಡಿರುವ ಈತ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ನಲವತ್ತು ತುಂಬಿದೆ. ಶಾಲೆಯಲ್ಲಿದ್ದಾಗ ಅವನ ಉತ್ತರಪತ್ರಿಕೆಗೆ ದುಂಡಾದ ಅಕ್ಷರಕ್ಕೆಂದು ಎರಡು ಅಂಕ ಕೊಡುತ್ತಿದ್ದೆ. ಮೂರನೆಯ ಅಂಕಕ್ಕೆ ಅವನು ಎಂದೂ ಅವಕಾಶ ಕೊಡಲಿಲ್ಲ. ನಮ್ಮ ಮನೆಯ ಕಾರಿಗೆ ಹಿಂದಿನ ಸಲ ಎಂಜಿನ್ ಎಣ್ಣೆ ಬದಲಾಯಿಸಿದವನು ಇವನೇ. ಯಾವ ದರ್ಜೆಯ ಎಣ್ಣೆ ಹಾಕಿದೆಯೆಂದು ಕೇಳಿದೆ.

“ಚೊಲೋದ ಹಾಕೀನ್ರಿ ಸರ.”

“ಚೊಲೋದು ಎಂಬುದು ದರ್ಜೆಯಲ್ಲ, ಅಭಿಪ್ರಾಯ!”

“ಗಾಡಿ ಓಡಾಕತ್ತೈತಿಲ್ರಿ ಸರ? ಮತ್ತ ಬಿಡ್ರಿ.”

ಬಿಡಬೇಕಂತೆ! ನಾನು ಏನನ್ನಾದರೂ ಬಿಟ್ಟಿದ್ದರೆ ಈ ತಾಲೂಕಿನ ಅರ್ಧ ಜನ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿದ್ದರು. ಮುಂದಿನ ಸಲ ಎಣ್ಣೆ ಆರಿಸುವವನೂ ನಾನೇ, ಬದಲಾಯಿಸುವವನೂ ನಾನೇ ಎಂದು ಅಂದೇ ತೀರ್ಮಾನಿಸಿದೆ.

ಆ ಮುಂದಿನ ಸಲ ಬಂದದ್ದು ಮಾರ್ಚ್ ನಾಲ್ಕು, ಶನಿವಾರ. ಮರುದಿನ ಕೊಟ್ಟೂರಿನಲ್ಲಿ ನಮ್ಮ ಒಬ್ಬಳೇ ಮಗಳ ಕುಬುಸ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹೂ ಮುಡಿಸಿ, ಬುತ್ತಿ ಉಣಿಸುವ ದಿನ. ಹನ್ನೊಂದಕ್ಕೆ ಮುಹೂರ್ತ. ತವರು ಹಡಗಲಿ ಎಂದ ಮೇಲೆ ಮಲ್ಲಿಗೆ ನಾವೇ ಒಯ್ಯಬೇಕು, ಬಾಡದಂತೆ ಒಯ್ಯಬೇಕು.

“ರೀ, ನಾಳಿಗೆ ಕಾರ್ಯ ಇಟ್ಕೊಂಡು ಇವತ್ತ ಗಾಡಿ ಬಿಚ್ಚಬ್ಯಾಡ್ರಿ,” ಎಂದಳು ನನ್ನ ಹೆಂಡತಿ ಗಿರಿಜಾ.

“ಬಿಚ್ಚುತ್ತಿಲ್ಲ, ಎಣ್ಣೆ ಬದಲಾಯಿಸುತ್ತಿದ್ದೇನೆ. ದೂರ ಪ್ರಯಾಣಕ್ಕೆ ಮುನ್ನ ಹೊಸ ಎಣ್ಣೆ ಇರಬೇಕೆಂಬುದು ಸಾಮಾನ್ಯ ಜ್ಞಾನ.”

“ಕೊಟ್ಟೂರು ಯಾವಾಗ ದೂರಾತ್ರಿ?”

ಇಂಥ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಕಾರಿನ ಕೈಪಿಡಿಯನ್ನು ಮೂರು ಸಲ ಓದಿ, ಬೇಕಾದ ದರ್ಜೆ ಐದು ಡಬ್ಲ್ಯೂ ಮೂವತ್ತು, ಪ್ರಮಾಣ ಮೂರು ಲೀಟರು ಎಂದು ಬರೆದುಕೊಂಡೆ. ಅಂಗಡಿಯವನು ನನ್ನ ಚೀಟಿಯನ್ನು ನೋಡದೆಯೇ ದಪ್ಪ ಎಣ್ಣೆಯ ಡಬ್ಬಿಯೊಂದನ್ನು ಮುಂದೆ ಕುಕ್ಕಿದ.

“ಟ್ರ್ಯಾಕ್ಟರಿನೋರೆಲ್ಲ ಇದನ್ನ ಒಯ್ತಾರ್ರಿ.”

“ನಾನು ನೇಗಿಲು ಹೂಡುತ್ತಿಲ್ಲ!” ಎಂದೆ. ದರ್ಜೆಯ ಮೊದಲನೆಯ ಅಂಕಿ ಏನನ್ನು ಸೂಚಿಸುತ್ತದೆ, ಎರಡನೆಯದು ಏನನ್ನು ಎಂದು ಆ ಮನುಷ್ಯನಿಗೆ ವಿವರಿಸಿದೆ. ನನ್ನ ಹಿಂದೆ ನಿಂತಿದ್ದ ಇಬ್ಬರು ಬೇರೆ ಅಂಗಡಿಗೆ ಹೋದರು. ಕೊನೆಗೂ ಸರಿಯಾದ ಡಬ್ಬಿಯೇ ನನ್ನ ಕೈಸೇರಿತು. ಈ ಇಡೀ ವೃತ್ತಾಂತದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ ಆದ್ದರಿಂದ ಇಷ್ಟು ವಿಸ್ತಾರವಾಗಿ ಬರೆದಿದ್ದೇನೆ.

ಪಕ್ಕದ ಮನೆಯ ಕೊಟ್ರಪ್ಪನಿಂದ ಬೋಲ್ಟು ಬಿಚ್ಚುವ ಪಾನಾ ಇಸಿದುಕೊಂಡೆ. ಮುಂದಿನ ಚಕ್ರಗಳನ್ನು ಎರಡು ಹಾಸುಗಲ್ಲುಗಳ ಮೇಲೆ ಹತ್ತಿಸಿ, ಗಿರಿಜಾಳ ದೊಡ್ಡ ಬೋಗುಣಿಯನ್ನು ಹಿಡಿದುಕೊಂಡು ಕಾರಿನ ಕೆಳಗೆ ಅಂಗಾತ ನುಸುಳಿದೆ. ಹಳೆಯ ಎಣ್ಣೆ ಇಳಿಸಬೇಕಾದರೆ ಅಡಿಯಲ್ಲಿರುವ ಬೋಲ್ಟನ್ನು ಬಿಚ್ಚಬೇಕು. ಅಲ್ಲಿ ನೋಡಿದರೆ ಎರಡು ಬೋಲ್ಟುಗಳು!

ಮೊದಲನೆಯದಕ್ಕೆ ಪಾನಾ ಹಾಕಿ ಎಳೆದೆ. ಜಗ್ಗಲಿಲ್ಲ. ಒದ್ದೆ. ಜಗ್ಗಲಿಲ್ಲ. ಬೈದೆ. ನನ್ನ ಬಾಯಿಂದ ಅಂಥ ಪದಗಳು ಬಂದದ್ದನ್ನು ಕೇಳಿ ಕೊಟ್ರಪ್ಪ ಕಾಂಪೌಂಡಿನ ಮೇಲಿಂದ ಇಣುಕಿದ.

“ಯಾರಿಗ್ರಿ ಸರ ಅದು?”

“ಬೋಲ್ಟಿಗೆ!”

ಎರಡನೆಯದಕ್ಕೆ ಪಾನಾ ಹಾಕಿದೆ. ಅರ್ಧ ಸುತ್ತಿಗೇ ವಿನಯದಿಂದ ಸಡಿಲಾಯಿತು. ಸರಿಯಾದುದು ಸರಳವಾಗಿರುತ್ತದೆ ಎಂದು ಮಕ್ಕಳಿಗೆ ಬೋಧಿಸಿದ ಸೂತ್ರ ನೆನಪಾಗಿ, ಇದೇ ಎಂಜಿನ್ನಿನ ಬೋಲ್ಟು ಎಂದು ತೀರ್ಪು ಕೊಟ್ಟೆ. ಎಣ್ಣೆ ಇಳಿಯಿತು. ಎಂಥ ಎಣ್ಣೆ! ಜೇನಿನ ಬಣ್ಣ! ವರ್ಷವಿಡೀ ಓಡಿದರೂ ಎಣ್ಣೆ ಕಪ್ಪಾಗಿಲ್ಲವೆಂದರೆ ಕಾರನ್ನು ನಾನೆಷ್ಟು ಹದವಾಗಿ ಓಡಿಸುತ್ತಿರಬೇಕು!

“ಏನ್ರಿ ಇದು, ಗಂಧಕದ ನಾತ?” ಎಂದು ಗಿರಿಜಾ ಮೂಗಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಬೋಗುಣಿ ಕಣ್ಣಿಗೆ ಬಿತ್ತು. “ಅಯ್ಯ, ಹೋಳಿಗಿ ಕಣಕ ನಾದೂ ಬೋಗುಣಿ! ನಿಮ್ಮ ಕೈಗೆ ಬೆಂಕಿ ಹಾಕಲಿ!”

ಬೋಲ್ಟು ಬಿಗಿದೆ. ಮೇಲಿನಿಂದ ಎಂಜಿನ್ನಿಗೆ ಹೊಸ ಎಣ್ಣೆಯನ್ನು ಮೂರು ಲೀಟರೂ ಸುರಿದೆ. ಫಿಲ್ಟರ್ ಬದಲಾಯಿಸುವುದನ್ನು ಎರಡನೆಯ ಪಾಠಕ್ಕೆ ಉಳಿಸಿಕೊಂಡೆ. ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತನ್ನು ದಾಟಿ ಎಷ್ಟೋ ಮೇಲಿತ್ತು. ಹೊಸದು, ಇನ್ನೂ ಇಳಿಯುತ್ತಿರಬೇಕು ಎಂದುಕೊಂಡೆ. ಬಣ್ಣವೂ ಕಪ್ಪಗಿತ್ತು. ಕಲಬೆರಕೆ! ಅಂಗಡಿಯವನಿಗೆ ಮನಸ್ಸಿನಲ್ಲಿಯೇ ಶಾಪ ಹಾಕಿದೆ.

ಇಳಿಸಿದ ಎಣ್ಣೆಯನ್ನು ಖಾಲಿ ಡಬ್ಬಿಗೆ ತುಂಬಿ ಅಳೆದಾಗ ನನ್ನ ಕಣ್ಣು ಕೆಂಪಾದವು. ಎರಡು ಲೀಟರಿಗೂ ಕಡಿಮೆ! ಕೈಪಿಡಿ ಹೇಳುವುದು ಮೂರು. ಅಂದರೆ ಹಿಂದಿನ ಸಲ ಮಾಬುಸಾಬ ಒಂದು ಲೀಟರು ನುಂಗಿದ್ದಾನೆ! ಗುರುವಿಗೇ ವಂಚನೆ!

ಬಿಳಿ ಹಾಳೆ ತೆಗೆದುಕೊಂಡು, ಅಂಚು ಬಿಟ್ಟು, ನಾಲ್ಕು ಅಂಶಗಳ ಆರೋಪಪಟ್ಟಿ ಬರೆದೆ. ಡಬ್ಬಿಯನ್ನು ಹಿಡಿದು ಗ್ಯಾರೇಜಿಗೆ ನಡೆದೆ. ಸಂಜೆ ಐದರ ಹೊತ್ತು. ಗಿರಾಕಿಗಳು ಏಳೆಂಟು ಮಂದಿ ಇದ್ದರು. ಎಲ್ಲರಿಗೂ ಕೇಳುವಂತೆ, ವಿರಾಮಚಿಹ್ನೆಗಳಿಗೆ ಸಲ್ಲಬೇಕಾದ ವಿರಾಮವನ್ನು ಸಲ್ಲಿಸಿ, ಓದಿದೆ. ಮಾಬುಸಾಬ ಕೈ ಕಟ್ಟಿಕೊಂಡು ನಿಂತು ಕೇಳಿದ. ಆಮೇಲೆ ಡಬ್ಬಿಯ ಕಡೆ ನೋಡಿದ.

“ಸರ, ಅದನ್ನ ಒಂದೀಟು ಇಲ್ಲಿ ಕೊಡ್ರಿ, ಮೂಸಿ ನೋಡ್ತೀನಿ.”

“ಸಾಕ್ಷ್ಯವನ್ನು ಆರೋಪಿಯ ಕೈಗೆ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ!”

“ಹಂಗಲ್ರಿ ಸರ, ನನಗ್ಯಾಕೋ ಅನುಮಾನ…”

“ಬಾಯಿ ಮುಚ್ಚು!”

ಮುಚ್ಚಿದ. ಆರೋಪಪಟ್ಟಿಯನ್ನು ಅವನ ಗೋಡೆಯ ಮೊಳೆಗೆ ಚುಚ್ಚಿ, ಎದೆಯುಬ್ಬಿಸಿ ಮನೆಗೆ ಬಂದೆ. ಇಪ್ಪತ್ತೇಳು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ನಾನು ಪಾಠ ಮಾಡಿದ್ದಿಲ್ಲ.

ಮರುದಿನ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಬುತ್ತಿಯ ಬುಟ್ಟಿ, ಗಿರಿಜಾಳ ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಮಲ್ಲಿಗೆ. ಕಾರು ಚಾಲೂ ಆಗುತ್ತಿದ್ದಂತೆ ಹಿಂದೆ ನೀಲಿ ಹೊಗೆ ಎದ್ದಿತು.

“ಸರ, ಗಾಡಿ ಬೀಡಿ ಸೇದಾಕತ್ತೈತಿ!” ಎಂದು ಕೊಟ್ರಪ್ಪ ಕೂಗಿದ.

ಇವನ ಬಾಯಿಗೆ ಬೀಗವಿಲ್ಲವೇ ಎಂದು ಹಲ್ಲು ಕಡಿದು ಹೊರಟೆ. ಊರು ದಾಟುವಷ್ಟರಲ್ಲಿ ಗೇರು ಕೊರಗತೊಡಗಿತು. ಮುಂದೆ ಕೊರಗು ಅಳುವಾಯಿತು. ಇಟ್ಟಿಗಿ ಸಮೀಪಿಸಿದಾಗ ಕಾರಿನ ಹೊಟ್ಟೆಯೊಳಗೆ ಕಲ್ಲು ಬೀಸಿದಂಥ ಸದ್ದಾಗಿ, ಎಂಜಿನ್ನು ಓಡುತ್ತಲೇ ಇದ್ದರೂ ಕಾರು ನಿಂತುಬಿಟ್ಟಿತು. ಗಂಟೆ ಒಂಬತ್ತೂವರೆ.

ಕಾರಿಗೆ ಬೈದೆ. ಕಾರು ತಯಾರಿಸಿದವರಿಗೆ ಬೈದೆ. ರಸ್ತೆ ಮಾಡಿದವರಿಗೂ ಬೈದೆ. ಗಿರಿಜಾ ಫೋನನ್ನು ನನ್ನ ಮುಂದೆ ಹಿಡಿದಳು.

“ಬೈದಿದ್ದು ಮುಗೀತಂದ್ರ ಮಾಬುಸಾಬಗ ಫೋನ್ ಹಚ್ರಿ.”

“ಆ ವಂಚಕನಿಗೆ? ಸಾಧ್ಯವಿಲ್ಲ.”

“ನನ್ನ ಮಗಳು ಬರೇ ತುರುಬಿನಾಗ ಹಸಿಮಣಿ ಮ್ಯಾಲ ಕುಂದರ್ಬೇಕೇನ್ರಿ? ಬೀಗರು ಏನಂದಾರು? ಹಡಗಲಿಯಾಗ ಹೂವಿಗೂ ಬರ ಬಂತಾ ಅಂದಾರು!”

ಫೋನು ಹಚ್ಚಿದೆ. ಎರಡನೆಯ ರಿಂಗಿಗೇ ಎತ್ತಿದ. ವಾಕ್ಯವನ್ನು ಮನಸ್ಸಿನಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಸಮೇತ ಸಿದ್ಧಪಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ: “ಲೇ ತಮ್ಮಾ, ಇಟ್ಟಿಗಿ ಹತ್ರ ಕೆಟ್ಟು ನಿಂತೀನಿ, ಲಗೂನ ಬಾರೋ ಯಪ್ಪಾ!”

ಹತ್ತೂಕಾಲಿಗೆ ಗೂಡ್ಸ್ ಆಟೋದಲ್ಲಿ ಬಂದ. ಅಳತೆಯ ಕಡ್ಡಿ ಎಳೆದು ನೋಡಿದ. ಕಾರಿನ ಕೆಳಗೆ ಬಗ್ಗಿ ನೋಡಿದ. ಎದ್ದು ಕೈ ಒರೆಸಿಕೊಂಡ.

“ಸರ, ನೀವು ಬಿಚ್ಚಿದ್ದು ಗೇರ್ ಬಾಕ್ಸಿನ ನಟ್ಟು. ಇಳಿದಿದ್ದು ಗೇರ್ ಆಯಿಲ್. ಎಂಜಿನ್ ಆಯಿಲ್ ಹಂಗ ಐತಿ, ಅದರ ಮ್ಯಾಲ ಮತ್ತ ಮೂರು ಲೀಟರ್ ಹಾಕೀರಿ. ತುಂಬಿದ ಕೊಡಕ್ಕ ನೀರು ಹಾಕಿ, ಬಾಜು ಇದ್ದ ಕೊಡ ಬರಿದು ಮಾಡೀರಿ.” ಅಳತೆಯ ಕಡ್ಡಿಯನ್ನು ಮರಳಿ ಸಿಕ್ಕಿಸುತ್ತ, “ನಿನ್ನಿ ಆ ಡಬ್ಬಿ ಒಮ್ಮೆ ಮೂಸಾಕ ಕೊಟ್ಟಿದ್ರ…” ಎಂದು ನಿಲ್ಲಿಸಿದ.

ವಾಕ್ಯವನ್ನು ಪೂರ್ಣಗೊಳಿಸಲಿಲ್ಲ! ಪೂರ್ಣಗೊಳಿಸಿದ್ದರೆ ಜಗಳವಾಡಬಹುದಿತ್ತು. ಆ ನೆಮ್ಮದಿಯನ್ನೂ ಅವನು ನನಗೆ ಕೊಡಲಿಲ್ಲ.

ಕಾರಿಗೆ ಬೀಗ ಹಾಕಿ ಅಲ್ಲಿಯೇ ಬಿಟ್ಟೆವು. ಗಿರಿಜಾ ಹೂವಿನೊಂದಿಗೆ ಅವನ ಆಟೋದಲ್ಲಿ ಮುಂದೆ ಕುಳಿತಳು. ನಾನು ಹಿಂದೆ, ಬುತ್ತಿಯ ಬುಟ್ಟಿಯನ್ನು ಅಪ್ಪಿಕೊಂಡು, ಗೂಡ್ಸ್ ಆಗಿ ಕೊಟ್ಟೂರು ಪ್ರವೇಶಿಸಿದೆ. ಬೀಗರೆಲ್ಲ ಬಾಗಿಲಲ್ಲೇ ಇದ್ದರು. ಗಂಟೆ ಹನ್ನೊಂದು ದಾಟಿ ಹತ್ತು ನಿಮಿಷ. ಮಗಳು ಹಸೆಯ ಮೇಲೆ ಕುಳಿತಿರಲಿಲ್ಲ.

“ನಮ್ಮವ್ವನ ಹೂವು ಬರೂಮಟ ನಾ ಕುಂದ್ರಂಗಿಲ್ಲ ಅಂತ ಹಟ ಹಿಡಿದಾಳ್ರಿ,” ಎಂದರು ಬೀಗತಿ. ಅವಳ ಹಟ ಯಾರದೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಎಲ್ಲರೂ ನನ್ನನ್ನೇ ನೋಡಿದರು.

ಮಲ್ಲಿಗೆ ಬಾಡಿರಲಿಲ್ಲ. ಗಿರಿಜಾ ಮುಡಿಸಿದಳು. ಅಂದಿನ ಮೊದಲ ಪಂಕ್ತಿಯಲ್ಲಿ ಮಾಬುಸಾಬನನ್ನು ಕೈಹಿಡಿದು ಕೂರಿಸಿದರು. ನನ್ನನ್ನು ಬಚ್ಚಲಿಗೆ ಕಳಿಸಿದರು. ಎರಡು ಸಲ ಸೋಪು ಹಚ್ಚಿದರೂ ಗಂಧಕದ ನಾತ ಹೋಗದೆ ಮೂರನೆಯ ಪಂಕ್ತಿಯ ಕೊನೆಯಲ್ಲಿ ಉಂಡೆ.

ಕಾರು ಸಿದ್ಧವಾಗಿದೆಯೆಂದು ಒಂಬತ್ತು ದಿನಗಳ ನಂತರ ಕರೆ ಬಂತು. ಹೋದೆ. ಗೋಡೆಯ ಮೇಲೆ ನನ್ನ ಆರೋಪಪಟ್ಟಿ ಇನ್ನೂ ತೂಗುತ್ತಿತ್ತು!

“ಇದನ್ನು ಏಕೆ ತೆಗೆದಿಲ್ಲ?” ಎಂದು ಗುಡುಗಿದೆ.

“ಅಕ್ಷರ ಭಾಳ ಚೆಂದ ಅದಾವ್ರಿ ಸರ. ಬಂದೋರೆಲ್ಲ ಓದ್ತಾರ.”

ಜೇಬಿನಲ್ಲಿ ಕೆಂಪು ಪೆನ್ನು ಇತ್ತು, ಈಗಲೂ ಇಟ್ಟುಕೊಳ್ಳುತ್ತೇನೆ. ಗಿರಾಕಿಗಳ ಮುಂದೆಯೇ ನಾಲ್ಕೂ ಅಂಶಗಳನ್ನು ಅಡ್ಡ ಹೊಡೆದು, ಕೆಳಗೆ ‘ತಪ್ಪು ನನ್ನದು’ ಎಂದು ಬರೆದು, ಇಪ್ಪತ್ತೈದಕ್ಕೆ ಸೊನ್ನೆ ಹಾಕಿ ಸಹಿ ಮಾಡಿದೆ. ಸಿಟ್ಟು ಬಂದಿತ್ತು, ಬೈಯಲು ಮಾತ್ರ ಯಾರೂ ಉಳಿದಿರಲಿಲ್ಲ.

“ಈಗ ಯಾವ ದರ್ಜೆಯ ಎಣ್ಣೆ ಹಾಕಿದ್ದೀ?” ಎಂದು ಮೆಲ್ಲಗೆ ಕೇಳಿದೆ.

“ಚೊಲೋದ ಹಾಕೀನ್ರಿ ಸರ.”

“ಬಹಳ ಸಂತೋಷ,” ಎಂದೆ.

ಮಾಬುಸಾಬ ಹಾಳೆಯನ್ನು ಮತ್ತೊಮ್ಮೆ ನೋಡಿ ತಲೆ ಕೆರೆದುಕೊಂಡ. “ಸರ, ಅಕ್ಷರಕ್ಕ ಎರಡಂಕ ಕೊಡ್ರಿ. ನೀವು ನನಗ ಕೊಡ್ತಿದ್ರಿ.”

ಸೊನ್ನೆಯನ್ನು ತಿದ್ದಿ ಎರಡು ಮಾಡಿದೆ. ಹೀಗೆ ನಾನು ಇಪ್ಪತ್ತೈದಕ್ಕೆ ಎರಡು ಅಂಕ ಪಡೆದು, ಅದೂ ಕೃಪಾಂಕ, ಅಧಿಕೃತವಾಗಿ ಅನುತ್ತೀರ್ಣನಾದದ್ದು ೨೦೨೩ನೆಯ ಇಸವಿ ಮಾರ್ಚ್ ೧೪, ಮಂಗಳವಾರ.